ಕಡಲಾಚೆಯ ಮನೆ, ಆದಿವಾಲದ ತೋಟ

ಸಂಕ್ರಾಂತಿ ಕಳೆದ ಮರುವಾರ ಹಿರಿಯೂರು ತಾಲ್ಲೂಕಿನ ಆದಿವಾಲದಿಂದ ನಮ್ಮ ಬಹುಕಾಲದ ಪರಿಚಿತ ದಂಪತಿಗಳು ನಮ್ಮಲ್ಲಿಗೆ ಬಂದಿದ್ದರು. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿಯಾಗಿ ದುಡಿದು ನಿವೃತ್ತರಾದವರು. ಆ ತಾಯಿಯವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಒಬ್ಬ ಮಗ, ಒಬ್ಬಳು ಮಗಳು. ಮಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಹೊರವಲಯದಲ್ಲಿ ಸಂಸಾರ ಹೂಡಿ ಹನ್ನೆರಡು ವರ್ಷಗಳಾದವು. ಮಗಳು ಹಿರಿಯೂರಿನಲ್ಲಿಯೇ ಇದ್ದಾಳೆ. ಎಳ್ಳುಬೆಲ್ಲ ಕೊಟ್ಟು, ಶರಣಾರ್ಥಿ ಹೇಳಿ ಕುಳಿತ ಮೇಲೆ ಯಜಮಾನರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನಮ್ಮ ಮುಂದಿಟ್ಟರು. ಅದರಲ್ಲಿ ಒಂದು ಮನೆಯ ಚಿತ್ರವಿತ್ತು. ಬೆಲೆ 3 ಲಕ್ಷ 20 ಸಾವಿರ ಡಾಲರ್.

"ಮಗನ ಮನೆಯಿಂದ ಎರಡು ಬೀದಿ ಆಚೆಗಂತೆ, ಗುರುಗಳೇ. ನಮ್ಮ ಹೆಸರಿನಲ್ಲಿಯೇ ಕೊಳ್ಳಿರಿ, ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇದ್ದರಾಯಿತು ಎನ್ನುತ್ತಾನೆ. ತೋಟ ಮತ್ತು ದಾವಣಗೆರೆಯ ನಿವೇಶನ ಮಾರಿ, ನಿವೃತ್ತಿಯ ಹಣ ಸೇರಿಸಿದರೆ ಹೊಂದುತ್ತದೆ. ತಾವು ಏನು ಹೇಳುತ್ತೀರಿ?"

ಮಠದ ಪ್ರಸಾದನಿಲಯದಲ್ಲಿ ಬೆಳೆದು, ಸಂಸ್ಕೃತ ಮತ್ತು ವಚನಶಾಸ್ತ್ರವನ್ನು ಓದಿದ ನಮಗೆ ಡಾಲರಿನ ಲೆಕ್ಕ ಬಾರದು. ಆದರೆ ಇಂಥ ಪ್ರಶ್ನೆ ನಮ್ಮ ಮುಂದೆ ಬಂದುದು ಇದೇ ಮೊದಲಲ್ಲ. ಒಂದು ಕಾಲಕ್ಕೆ ಮಗನನ್ನು ಪರದೇಶಕ್ಕೆ ಕಳಿಸಬಹುದೇ ಎಂದು ಕೇಳಲು ಬರುತ್ತಿದ್ದ ಕುಟುಂಬಗಳು ಈಗ ತಾವೇ ಅಲ್ಲಿ ಮನೆ ಮಾಡಬಹುದೇ ಎಂದು ಕೇಳಲು ಬರುತ್ತಿವೆ. ಆದುದರಿಂದ ನಾವು ಅವರಿಗೆ ಹದಿನೈದು ದಿನಗಳ ಅವಕಾಶ ಕೇಳಿದೆವು. ಲೆಕ್ಕಪರಿಶೋಧಕರಾಗಿರುವ ನಮ್ಮ ಶಿಷ್ಯರೊಬ್ಬರನ್ನು ಕೂರಿಸಿಕೊಂಡು ವಿಷಯವನ್ನು ವಿಚಾರಿಸಿದೆವು. ಹಾಗೆ ತಿಳಿದುಕೊಂಡುದನ್ನು ಇಂಥದೇ ಚಿಂತೆಯಲ್ಲಿರುವ ಇತರ ಕುಟುಂಬಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಇಲ್ಲಿಯ ಹಣ ಅಲ್ಲಿಗೆ ಹೋಗುವ ಬಗೆ

ಭಾರತದಲ್ಲಿ ವಾಸಿಸುವವರು ಹೊರದೇಶದಲ್ಲಿ ಮನೆ ಕೊಳ್ಳುವುದು ಇಂದು ಕಾನೂನಿಗೆ ವಿರುದ್ಧವಲ್ಲ. ರಿಸರ್ವ್ ಬ್ಯಾಂಕು 2004ರಲ್ಲಿ ಉದಾರೀಕೃತ ಹಣ ರವಾನೆ ಯೋಜನೆಯನ್ನು ತಂದಾಗ ಒಬ್ಬರು ವರ್ಷಕ್ಕೆ 25 ಸಾವಿರ ಡಾಲರ್ ಕಳಿಸಬಹುದಾಗಿತ್ತು. ಈ ಮಿತಿ ಕ್ರಮೇಣ ಏರಿತು; 2013ರಲ್ಲಿ ರೂಪಾಯಿ ಕುಸಿದಾಗ ಸರ್ರನೆ ಇಳಿಯಿತು; ಆಗ ಈ ಹಣದಿಂದ ಮನೆ ಕೊಳ್ಳುವುದನ್ನೂ ಕೆಲಕಾಲ ನಿಲ್ಲಿಸಲಾಗಿತ್ತು. 2015ರಿಂದ ಮಿತಿಯು ತಲೆಗೆ ಎರಡೂವರೆ ಲಕ್ಷ ಡಾಲರ್ ಆಗಿದೆ. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಪಾಲನ್ನು ಕೂಡಿಸಿ ಜಂಟಿಯಾಗಿ ಮನೆ ಕೊಳ್ಳಬಹುದು. ಆದರೆ ಇದಕ್ಕಾಗಿ ನಮ್ಮ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಹಣ ಸ್ವಂತದ್ದಾಗಿರಬೇಕು.

2025ರ ಡಿಸೆಂಬರಿನಲ್ಲಿ ಡಾಲರು 90 ರೂಪಾಯಿಯನ್ನು ದಾಟಿತು. 90ರಂತೆಯೇ ಹಿಡಿದರೂ ಆ ಮನೆಯ ಬೆಲೆ 2 ಕೋಟಿ 88 ಲಕ್ಷ. ಇಬ್ಬರೂ ಸಮವಾಗಿ ಕಳಿಸಿದರೆ ತಲೆಗೆ 1 ಕೋಟಿ 44 ಲಕ್ಷ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಇಂಥ ಉದ್ದೇಶಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಕಳಿಸಿದರೆ ಹೆಚ್ಚಿನ ಮೊತ್ತದ ಮೇಲೆ ಶೇಕಡಾ 20ರಷ್ಟನ್ನು ಬ್ಯಾಂಕು ತೆರಿಗೆಯಾಗಿ ಮುಂಚಿತವಾಗಿಯೇ ವಸೂಲು ಮಾಡುತ್ತದೆ. ಒಂದೇ ವರ್ಷದಲ್ಲಿ ಕಳಿಸಿದರೆ ಒಬ್ಬೊಬ್ಬರಿಗೆ 26 ಲಕ್ಷ 80 ಸಾವಿರ. ಇಬ್ಬರಿಂದ 53 ಲಕ್ಷ 60 ಸಾವಿರ. ಇದು ಕಳೆದುಹೋಗುವ ಹಣವಲ್ಲ. ಆದಾಯ ತೆರಿಗೆಯ ವಿವರಣೆ ಸಲ್ಲಿಸಿದಾಗ ಕೊಡಬೇಕಾದ ತೆರಿಗೆಗೆ ಜಮೆಯಾಗಿ ಮಿಕ್ಕದ್ದು ಮರಳುತ್ತದೆ. ಆದರೆ ಮನೆಯ ಬೆಲೆಯ ಜೊತೆಗೆ ಅಷ್ಟು ಹಣವನ್ನು ಮೊದಲು ಹೊಂದಿಸಬೇಕು, ಅದು ಮರಳುವ ತನಕ ಕಾಯಬೇಕು. ಬ್ಯಾಂಕಿನಲ್ಲಿ ಬಾಳ್ವೆ ಸವೆಸಿದ ಯಜಮಾನರಿಗೇ ಈ ಅಂಶ ಹೊಳೆದಿರಲಿಲ್ಲ.

ಮುಂದೆ ಪ್ರತಿ ವರ್ಷವೂ ಆ ಮನೆಯ ವಿವರವನ್ನು ಇಲ್ಲಿಯ ಆದಾಯ ತೆರಿಗೆ ವಿವರಣೆಯಲ್ಲಿ ವಿದೇಶೀ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯ ಮೇರೆಗೆ 10 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. 2024ರ ಅಕ್ಟೋಬರಿನಿಂದ ಸಣ್ಣ ಮೊತ್ತದ ವಿದೇಶೀ ಆಸ್ತಿಗಳಿಗೆ ಈ ದಂಡದಿಂದ ವಿನಾಯಿತಿ ಬಂದಿದೆ. ಆದರೆ ಮನೆ, ನಿವೇಶನಗಳಿಗೆ ಆ ವಿನಾಯಿತಿ ಇಲ್ಲ. ದಾವಣಗೆರೆಯ ನಿವೇಶನ ಮಾರಿದ ಲಾಭವನ್ನು ಬೇರೊಂದು ವಾಸದ ಮನೆಗೆ ತೊಡಗಿಸಿದರೆ ತೆರಿಗೆಯಿಂದ ಬಿಡುಗಡೆಯುಂಟೆಂದು ಅವರು ಭಾವಿಸಿದ್ದರು. ಆ ಮನೆ ಭಾರತದಲ್ಲಿದ್ದರೆ ಮಾತ್ರ ಆ ಬಿಡುಗಡೆ.

ಮನೆಯ ಒಡೆತನ ಬೇರೆ, ವಾಸದ ಹಕ್ಕು ಬೇರೆ

ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಒಂದು ದೇಶದಲ್ಲಿ ಮನೆ ಕೊಂಡರೆ ಅಲ್ಲಿ ಇರುವ ಹಕ್ಕೂ ಬಂತೆಂದು ಅವರು ತಿಳಿಯುತ್ತಾರೆ. ಅಮೆರಿಕದಲ್ಲಿ ಹಾಗಿಲ್ಲ. ಮನೆಯ ಪತ್ರ ಕೈಯಲ್ಲಿದ್ದರೂ ಪ್ರವಾಸಿ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಲು ಅನುಮತಿ. ಅದನ್ನು ಕೊಡುವುದು ವಿಮಾನ ನಿಲ್ದಾಣದಲ್ಲಿರುವ ಅಧಿಕಾರಿಯ ವಿವೇಚನೆಗೆ ಸೇರಿದ್ದು. ತಮ್ಮದೇ ಮನೆಯ ಬಾಗಿಲಿಗೆ ಹೋಗಲು ಪ್ರತಿ ವರ್ಷವೂ ಇನ್ನೊಬ್ಬರ ಅಪ್ಪಣೆ ಬೇಕು.

"ಆರು ತಿಂಗಳು ಅಲ್ಲಿ" ಎಂಬ ಮಾತಿನಲ್ಲಿಯೂ ಒಂದು ತೊಡಕಿದೆ. ಅಲ್ಲಿಯ ತೆರಿಗೆ ಇಲಾಖೆಯು ಮೂರು ವರ್ಷಗಳ ವಾಸದ ದಿನಗಳನ್ನು ಸೇರಿಸಿ ಲೆಕ್ಕ ಹಾಕುತ್ತದೆ: ಈ ವರ್ಷದ ಎಲ್ಲ ದಿನಗಳು, ಹೋದ ವರ್ಷದ ಮೂರರಲ್ಲಿ ಒಂದು ಭಾಗ, ಅದರ ಹಿಂದಿನ ವರ್ಷದ ಆರರಲ್ಲಿ ಒಂದು ಭಾಗ. ಕೂಡಿದ ಮೊತ್ತ 183 ಮುಟ್ಟಿದರೆ ತೆರಿಗೆಯ ಮಟ್ಟಿಗೆ ಅಲ್ಲಿಯ ನಿವಾಸಿ ಎಂದು ಪರಿಗಣಿಸಬಹುದು. ವರ್ಷಕ್ಕೆ 120 ದಿನ ಇದ್ದರೆ ಈ ಗೆರೆಯೊಳಗೆ ಉಳಿಯುತ್ತಾರೆ. ಪ್ರತಿವರ್ಷವೂ ಆರಾರು ತಿಂಗಳು ಇದ್ದರೆ ದಾಟುತ್ತಾರೆ. ದಾಟಿದವರು ತಮ್ಮ ನಿಕಟ ಸಂಬಂಧ ಭಾರತದೊಂದಿಗೇ ಇದೆಯೆಂದು ಬರೆದುಕೊಟ್ಟು ಬಿಡುಗಡೆ ಕೋರಬಹುದಾದರೂ, ಆ ಕಾಗದಪತ್ರದ ಭಾರ ಎಪ್ಪತ್ತರ ವಯಸ್ಸಿನಲ್ಲಿ ಯಾರಿಗೆ ಬೇಕು?

ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಮಗ ಬರೆದಿದ್ದ. ಅದು ನಿಜ. ಆದರೆ ಆ ಕೊರತೆಯನ್ನು ಮನೆಯ ಮೇಲಿನ ತೆರಿಗೆ ತುಂಬುತ್ತದೆ. ಶೇಕಡಾ 2ರಂತೆ ಹಿಡಿದರೆ ಆ ಮನೆಗೆ ವರ್ಷಕ್ಕೆ 6,400 ಡಾಲರ್, ಅಂದರೆ 5 ಲಕ್ಷ 76 ಸಾವಿರ ರೂಪಾಯಿ. ಅಲ್ಲಿಯೇ ಕಾಯಂ ವಾಸಿಸುವವರಿಗೆ ದೊರೆಯುವ ರಿಯಾಯಿತಿ ವರ್ಷದಲ್ಲಿ ಕೆಲವು ತಿಂಗಳು ಬಂದುಹೋಗುವವರಿಗೆ ಸಿಗದು. ಇದರ ಮೇಲೆ ವಿಮೆ, ಬಡಾವಣೆಯ ಸಂಘಕ್ಕೆ ಕೊಡುವ ಶುಲ್ಕ, ಹುಲ್ಲು ಕತ್ತರಿಸುವವನ ಕೂಲಿ. ಮನೆ ಬೀಗ ಹಾಕಿದ್ದರೂ ಈ ಖರ್ಚು ನಿಲ್ಲದು.

ಇನ್ನು ಮಾತನಾಡಲು ಹಿತವಲ್ಲದ, ಆದರೆ ಮಾತನಾಡಲೇಬೇಕಾದ ವಿಷಯ. ನಮ್ಮ ದೇಶದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು 1985ರಲ್ಲಿಯೇ ತೆಗೆದುಹಾಕಿದರು. ಅಮೆರಿಕದಲ್ಲಿ ಅದು ಇದೆ. ಅಲ್ಲಿಯ ಪೌರರಿಗೆ ದೊಡ್ಡ ವಿನಾಯಿತಿ ಉಂಟು. ಅಲ್ಲಿಯವರಲ್ಲದ, ಅಲ್ಲಿ ನೆಲೆಸದವರಿಗೆ ಇರುವ ವಿನಾಯಿತಿ ಕೇವಲ 60 ಸಾವಿರ ಡಾಲರ್. ಮಿಕ್ಕ ಮೌಲ್ಯಕ್ಕೆ ಶೇಕಡಾ 40ರವರೆಗೆ ಏರುವ ತೆರಿಗೆ. ಆ ಮನೆ ಒಬ್ಬರ ಹೆಸರಿನಲ್ಲಿಯೇ ಇದ್ದು ಅವರು ತೀರಿಕೊಂಡರೆ, ವಾರಸುದಾರನಾದ ಮಗನ ಕೈಗೆ ಮನೆ ಬರುವ ಮೊದಲು ತೆರಿಗೆ 80 ಸಾವಿರ ಡಾಲರನ್ನು ಮೀರಬಹುದೆಂದು ನಮ್ಮ ಶಿಷ್ಯರು ಲೆಕ್ಕ ತೆಗೆದರು. ಮಗನಿಗಾಗಿ ಎಂದು ಕೊಂಡ ಮನೆ ಮಗನಿಗೆ ಹೊರೆಯಾಗುವ ಬಗೆ ಇದು. ಮಗನೇ ತನ್ನ ದುಡಿಮೆಯಿಂದ, ತನ್ನ ಹೆಸರಿನಲ್ಲಿ ಕೊಂಡರೆ ಈ ತೊಡಕು ತಂದೆತಾಯಿಗಳಿಗೆ ಸೋಂಕದು.

ವೈದ್ಯಕೀಯದ ಮಾತು ಇನ್ನೂ ಗಂಭೀರ. ಪ್ರವಾಸಿ ವೀಸಾದವರಿಗೆ ಅಲ್ಲಿಯ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ದೊರೆಯದು. ಖಾಯಂ ನಿವಾಸದ ಗ್ರೀನ್ ಕಾರ್ಡ್ ಪಡೆದರೂ, ಅಲ್ಲಿ ದುಡಿದ ದಾಖಲೆ ಇಲ್ಲದವರು ಐದು ವರ್ಷ ಸತತವಾಗಿ ವಾಸಿಸಿದ ಮೇಲಷ್ಟೇ ಹಣ ತೆತ್ತು ಅದನ್ನು ಪಡೆಯಬಹುದು. ಪ್ರವಾಸದ ವಿಮೆಗಳು ಮೊದಲೇ ಇರುವ ರೋಗಗಳನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಯಜಮಾನರಿಗೆ ಸಕ್ಕರೆ ಕಾಯಿಲೆ, ತಾಯಿಯವರಿಗೆ ಮಂಡಿನೋವು.

ಬೇರೆ ದೇಶಗಳಲ್ಲಿ ಹೇಗೆ?

ದೇಶದೇಶಕ್ಕೆ ನಿಯಮ ಬೇರೆ. ಕೆನಡಾ ದೇಶವು 2023ರ ಜನವರಿ 1ರಿಂದ ಹೊರಗಿನವರು ವಾಸದ ಮನೆ ಕೊಳ್ಳುವುದನ್ನು ನಿಷೇಧಿಸಿ, ಆ ನಿಷೇಧವನ್ನು 2027ರ ಜನವರಿ 1ರವರೆಗೆ ವಿಸ್ತರಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ, ಈಗಾಗಲೇ ಕಟ್ಟಿರುವ ಮನೆಗಳನ್ನು ಹೊರಗಿನವರು ಕೊಳ್ಳಬಾರದೆಂದಿತು. ಸಿಂಗಪುರದಲ್ಲಿ 2023ರ ಏಪ್ರಿಲಿನಿಂದ ವಿದೇಶೀಯರು ಬೆಲೆಯ ಮೇಲೆ ಶೇಕಡಾ 60ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕ ತೆರಬೇಕು. ಥಾಯ್ಲೆಂಡಿನಲ್ಲಿ ವಿದೇಶೀಯರು ಸಾಮಾನ್ಯವಾಗಿ ನೆಲದ ಒಡೆಯರಾಗಲಾರರು; ಬಹುಮಹಡಿ ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 49ರ ಮಿತಿಯೊಳಗೆ ಮನೆ ಕೊಳ್ಳಬಹುದು.

ದುಬೈ ಮಾತ್ರ ಕೈಬೀಸಿ ಕರೆಯುತ್ತದೆ. ನೋಂದಣಿಗೆ ಶೇಕಡಾ 4ರ ಶುಲ್ಕ, ಕಟ್ಟಡದ ನಿರ್ವಹಣೆಗೆ ವಾರ್ಷಿಕ ಶುಲ್ಕ ಉಂಟು. 20 ಲಕ್ಷ ದಿರ್ಹಮ್ ಮೌಲ್ಯದ ಮನೆ ಕೊಂಡವರಿಗೆ ಹತ್ತು ವರ್ಷಗಳ ವಾಸದ ಅನುಮತಿಯೂ ದೊರೆಯುತ್ತದೆ. ಬೆಂಗಳೂರಿನಿಂದ ನಾಲ್ಕು ಗಂಟೆಗಳ ಹಾರಾಟ. ಆದರೆ ಈ ದಂಪತಿಗಳ ಮೊಮ್ಮಕ್ಕಳು ದುಬೈಯಲ್ಲಿ ಇಲ್ಲ. ಸೌಕರ್ಯ ಸಿಗುವ ಊರು ಒಂದು, ಕರುಳಿನ ಕೊಂಡಿ ಇರುವ ಊರು ಇನ್ನೊಂದು.

ಮಾರಿದ ತೋಟ ಮರಳಿ ಬಾರದು

ಇಷ್ಟು ಕೊಳ್ಳುವ ಮನೆಯ ಮಾತಾಯಿತು. ಮಾರುವ ತೋಟದ ಮಾತನ್ನು ಅವರು ನಮ್ಮ ಮುಂದೆ ಎತ್ತಿಯೇ ಇರಲಿಲ್ಲ. ನಾವೇ ಎತ್ತಿದೆವು.

ಹಿರಿಯೂರಿನಿಂದ ಬೆಂಗಳೂರಿನತ್ತ ಹೊರಟರೆ ಹೆದ್ದಾರಿಯ ಮಗ್ಗುಲಿಗೇ ಆದಿವಾಲ. ಅವರ ನಾಲ್ಕು ಎಕರೆ ತೋಟದಲ್ಲಿ ತೆಂಗು, ನಡುವೆ ಒಂದಿಷ್ಟು ಅಡಿಕೆ. ಆ ಸೀಮೆಯ ಬದುಕು ಮಾರಿಕಣಿವೆಯ ನೀರನ್ನು ನೆಚ್ಚಿದ ಬದುಕು. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿದ ವಾಣಿವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ, ಮತ್ತೆ 130 ಅಡಿ ತುಂಬಿ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಎಂಬತ್ತೊಂಬತ್ತು ವರ್ಷ! 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಹರಿಯಿತು. ಇದಕ್ಕೆ ಮುಂಚಿನ ಬರಗಾಲಗಳಲ್ಲಿ ಆ ಸೀಮೆಯ ತೋಟಗಳಲ್ಲಿ ತೆಂಗಿನ ಸುಳಿಗಳು ಒಣಗಿ ಬಿದ್ದುದನ್ನು ನಾವು ಕಂಡಿದ್ದೇವೆ. ಆಗ ಈ ಯಜಮಾನರು ಟ್ಯಾಂಕರಿನಲ್ಲಿ ನೀರು ಹೊಡೆಸಿ, ಪಿಂಚಣಿಯ ಹಣವನ್ನು ಬುಡಗಳಿಗೆ ಸುರಿದು ಮರಗಳನ್ನು ಉಳಿಸಿಕೊಂಡರು. ನೀರಿಲ್ಲದ ಕಾಲದಲ್ಲಿ ಮಾರದ ತೋಟವನ್ನು ನೀರು ಬಂದ ಕಾಲದಲ್ಲಿ ಮಾರಲು ಹೊರಟಿದ್ದರು.

ಭಾವನೆಯ ಮಾತು ಹಾಗಿರಲಿ, ಕಾನೂನಿನ ಮಾತೊಂದಿದೆ. ಪಟ್ಟಣದಿಂದ ನಿಗದಿತ ದೂರದ ಆಚೆಗಿರುವ ಗ್ರಾಮೀಣ ಕೃಷಿಭೂಮಿಯನ್ನು ಮಾರಿದರೆ ಲಾಭದ ಮೇಲೆ ತೆರಿಗೆ ಬೀಳದು. ಹಿರಿಯೂರಿನಷ್ಟು ಜನಸಂಖ್ಯೆಯ ಊರಿಗೆ ಆ ದೂರ 2 ಕಿಲೋಮೀಟರ್. ಆದುದರಿಂದ ಮಾರುವುದು ಸುಲಭ. 2020ರ ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿರುವುದರಿಂದ ಹೆದ್ದಾರಿಯ ಬದಿಯ ತೋಟಕ್ಕೆ ಗಿರಾಕಿಗಳೂ ಸಿಗುತ್ತಾರೆ. ಆದರೆ ವಿದೇಶದಲ್ಲಿ ನೆಲೆಸಿದ ಭಾರತೀಯನಾಗಲಿ, ಅಲ್ಲಿಯ ಪೌರತ್ವ ಪಡೆದ ಭಾರತೀಯ ಮೂಲದವನಾಗಲಿ ಭಾರತದಲ್ಲಿ ಕೃಷಿಭೂಮಿಯನ್ನು, ತೋಟವನ್ನು ಕ್ರಯಕ್ಕೆ ಕೊಳ್ಳಲಾರ. ವಿದೇಶೀ ವಿನಿಮಯದ ಕಾನೂನು ಅದನ್ನು ತಡೆಯುತ್ತದೆ. ತಂದೆಯಿಂದ ವಾರಸಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು.

ಇದರ ಅರ್ಥವನ್ನು ಬಿಡಿಸಿ ಹೇಳಿದೆವು: "ಯಜಮಾನರೇ, ತಾವು ಉಳಿಸಿದರೆ ಈ ತೋಟ ನಾಳೆ ತಮ್ಮ ಮಗನದೂ ಆಗಬಹುದು, ಮಗಳದೂ ಆಗಬಹುದು. ತಾವು ಮಾರಿದರೆ, ಮುಂದೊಂದು ದಿನ ಮಗನಿಗೆ ಊರಿನ ನೆನಪಾಗಿ ಕೋಟಿ ಹಿಡಿದು ಬಂದರೂ, ಅಲ್ಲಿ ನೆಲೆಸಿರುವ ತನಕ ಅವನು ಇದನ್ನು ಕೊಳ್ಳಲಾರ."

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ನಾವು ಕಂಡ ಒಂದು ಮನೆ

2018ರಲ್ಲಿ ನಮ್ಮ ಅಣ್ಣನ ಮಗನ ಒತ್ತಾಯಕ್ಕೆ ನಾವು ಲಂಡನ್ನಿಗೆ ಹೋಗಿ ಎರಡೂವರೆ ತಿಂಗಳು ಇದ್ದೆವು. ಥೇಮ್ಸ್ ನದಿಯ ದಂಡೆಯಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಕಂಡು ಕಣ್ಣು ತುಂಬಿ ಬಂದಿತ್ತು. ಅಲ್ಲಿಯೇ ಉತ್ತರ ಕರ್ನಾಟಕದ ಕಡೆಯ ಹಿರಿಯರೊಬ್ಬರು ಪರಿಚಯವಾಗಿ ತಮ್ಮ ಮನೆಗೆ ಕರೆದೊಯ್ದರು. ಹೊಲ ಮಾರಿ, ಮಗನ ನೆರೆಯಲ್ಲಿಯೇ ಕೊಂಡಿದ್ದ ಎರಡು ಕೋಣೆಯ ಮನೆ. ಅಚ್ಚುಕಟ್ಟಾದ ಮನೆ. ಮೂರು ವರ್ಷಕ್ಕೆ ಮಗನಿಗೆ ಬೇರೆ ಊರಿನಲ್ಲಿ ಕೆಲಸವಾಯಿತು. ಮಗ ಹೋದ, ಮನೆ ಉಳಿಯಿತು. ಪತ್ನಿಯೂ ತೀರಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಕತ್ತಲಾಗುವ ಆ ಚಳಿಗಾಲದಲ್ಲಿ ಅವರು ನಮ್ಮ ಕೈಹಿಡಿದು, "ಮನಿ ಕೊಂಡೆವ್ರೀ ಗುರುಗಳ, ಓಣಿ ಕೊಳ್ಳಲಿಕ್ಕೆ ಆಗಲಿಲ್ಲ" ಎಂದ ಮಾತು ಇಂದಿಗೂ ಕಿವಿಯಲ್ಲಿದೆ.

ನೋಂದಣಿ ಕಚೇರಿಯವರು ಮನೆಯನ್ನು ಸ್ಥಿರಾಸ್ತಿ ಎನ್ನುತ್ತಾರೆ. ಅದರ ಸ್ವಭಾವವೇ ನಿಂತಲ್ಲಿ ನಿಲ್ಲುವುದು. ಇಂದಿನ ಮಕ್ಕಳ ಬದುಕಾದರೋ ಚರ. ಉದ್ಯೋಗ ಕರೆದತ್ತ ನಡೆಯುವಂಥದು. ಸ್ಥಾವರ ಜಂಗಮಗಳ ಭೇದವನ್ನು ನಮಗೆ ಶರಣರು ಬೇರೆ ಎತ್ತರದಲ್ಲಿ ತಿಳಿಸಿದ್ದಾರೆ. ಆದರೆ ಮನೆವಾರ್ತೆಯಲ್ಲಿಯೂ ಆ ವಿವೇಕ ಬೇಕು. ನಡೆಯುವವನ ಹಿಂದೆ ನಿಲ್ಲುವುದನ್ನು ಕೊಂಡು ಕೂರುವ ಮೊದಲು ಒಮ್ಮೆ ಯೋಚಿಸಬೇಕು.

ತಾಯಿಯವರು ಆಡಿದ ಮಾತು

ಈ ಎಲ್ಲವನ್ನೂ ಕೇಳುವವರೆಗೆ ಆ ತಾಯಿಯವರು ತುಟಿ ಬಿಚ್ಚಿರಲಿಲ್ಲ. ಎದ್ದು ಹೊರಡುವ ಹೊತ್ತಿಗೆ ಹೇಳಿದರು:

"ಲೆಕ್ಕವೆಲ್ಲ ಸರಿ, ಗುರುಗಳೇ. ಆದರೆ ಆ ಮನೆ ಬೇಕೆಂದು ಮಗನಿಗೆ ಹೇಳಿದವಳು ನಾನೇ. ಎರಡು ಸಲ ಹೋಗಿ ಬಂದೆ. ಸೊಸೆ ಒಳ್ಳೆಯವಳು. ಒಂದು ಮಾತು ಅಂದವಳಲ್ಲ. ಆದರೆ ಆರು ತಿಂಗಳು ಇನ್ನೊಬ್ಬರ ಅಡುಗೆಮನೆಯಲ್ಲಿ ಕೇಳಿ ಕೇಳಿ ಸಾಸಿವೆ ಡಬ್ಬ ತೆಗೆಯಬೇಕು. ಬೆಳಗ್ಗೆ ಬೇಗ ಎದ್ದು ಪೂಜೆಗೆ ಕೂತರೆ ಅವರ ನಿದ್ದೆ ಕೆಡುತ್ತದೆಂದು ಅಂಜಿಕೆ. ಮೊಮ್ಮಕ್ಕಳು ಬೇಕು, ಆದರೆ ಅತಿಥಿಯಾಗಿ ಅಲ್ಲ. ನನ್ನದೊಂದು ಒಲೆ ಇದ್ದರೆ ಅವರೇ ನಮ್ಮಲ್ಲಿಗೆ ರೊಟ್ಟಿ ತಿನ್ನಲು ಬರುತ್ತಾರಲ್ಲ ಎಂದುಕೊಂಡೆ."

ಮೂವತ್ತಾರು ವರ್ಷ ಜೊತೆಗೆ ಬಾಳಿದ ಯಜಮಾನರು ಈ ಮಾತನ್ನು ಮೊದಲ ಬಾರಿಗೆ ಕೇಳಿದಂತೆ ಪತ್ನಿಯ ಮುಖ ನೋಡಿದರು. ಹದಿನೈದು ದಿನ ಲೆಕ್ಕ ಹಾಕಿದ ನಮಗೂ ಈ ಪ್ರಶ್ನೆ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಅವರಿಗೆ ಬೇಕಾಗಿದ್ದುದು ಒಡೆತನವಲ್ಲ, ಒಲೆ. ಅದನ್ನು ಬಾಡಿಗೆಗೂ ಪಡೆಯಬಹುದು.

ಆ ದಿನ ಅಲ್ಲಿಯೇ ಕುಳಿತು ಒಂದು ತೀರ್ಮಾನಕ್ಕೆ ಬಂದೆವು. ಈ ವರ್ಷ ಮಗನ ಮನೆಯ ಸಮೀಪದಲ್ಲಿ ಸಾಮಾನು ಸರಂಜಾಮು ಸಹಿತವಾದ ಸಣ್ಣ ಮನೆಯೊಂದನ್ನು ಮೂರು ತಿಂಗಳಿಗೆ ಬಾಡಿಗೆಗೆ ಹಿಡಿಯುವುದು. ಬಾಡಿಗೆಯನ್ನು ಮಗ ಕೊಡುವುದು. ಮರುವರ್ಷ ಬೇರೆ ಋತುವಿನಲ್ಲಿ ಇನ್ನೊಮ್ಮೆ. ನವೆಂಬರಿನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡುವ ಹೊತ್ತಿಗೆ ಊರಿನಲ್ಲಿರುವುದು. ತೋಟವನ್ನು ಮುಟ್ಟದಿರುವುದು. ಇಬ್ಬರೂ ಉಯಿಲು ಬರೆದು ನೋಂದಾಯಿಸುವುದು. ಅದರಲ್ಲಿ ಮಗಳ ಪಾಲನ್ನು ಸ್ಪಷ್ಟವಾಗಿ ಕಾಣಿಸುವುದು. ಜ್ವರ ಬಂದ ರಾತ್ರಿ ಹಿರಿಯೂರಿನಿಂದ ಓಡಿ ಬರುವವಳು ಮಗಳು. ತೋಟ ಮಾರುವ ಮಾತನ್ನು ಅವಳಿಗೆ ಅದುವರೆಗೆ ಯಾರೂ ತಿಳಿಸಿರಲಿಲ್ಲ.

ಕೊನೆಯದಾಗಿ

ಹೊರದೇಶದಲ್ಲಿ ಯಾರೂ ಮನೆ ಕೊಳ್ಳಲೇಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಮೈಸೂರಿನ ಅರಸರಿಗೂ ಊಟಿಯಲ್ಲಿ ಬೇಸಿಗೆಯ ಅರಮನೆ ಇತ್ತು. ಕೈಯಲ್ಲಿ ನಿಜವಾಗಿಯೂ ಮಿಗುವ ಹಣವಿದ್ದು, ಮಕ್ಕಳೆಲ್ಲರೂ ಒಂದೇ ಕಡೆ ನೆಲೆ ನಿಂತು, ವಾಸದ ಅನುಮತಿ ಮತ್ತು ವೈದ್ಯಕೀಯ ವಿಮೆ ಭದ್ರವಾಗಿದ್ದರೆ ಕೊಳ್ಳಲಿ. ಆದರೆ ಕೊಳ್ಳುವ ಮೊದಲು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಮಗನಿಗೆ ನಾಳೆ ಬೇರೆ ಊರಿಗೆ ವರ್ಗವಾದರೆ ಈ ಮನೆ ಏನಾದೀತು? ಇಬ್ಬರಲ್ಲಿ ಒಬ್ಬರೇ ಉಳಿದಾಗ ಅಲ್ಲಿ ಇರಬಲ್ಲರೇ? ಬೀಗ ಹಾಕಿದ ಮನೆಯ ವಾರ್ಷಿಕ ಖರ್ಚು ಪಿಂಚಣಿಯಲ್ಲಿ ನೀಗೀತೇ? ಇದಕ್ಕಾಗಿ ಮಾರುತ್ತಿರುವುದು ಮರಳಿ ದೊರೆಯುವಂಥದೇ? ಎಲ್ಲ ಮಕ್ಕಳಿಗೂ ಈ ವಿಷಯ ತಿಳಿದಿದೆಯೇ? ಎಲ್ಲಕ್ಕಿಂತ ಮೊದಲು, ಗಂಡ ಹೆಂಡತಿ ಇಬ್ಬರೂ ತಮಗೆ ನಿಜವಾಗಿ ಏನು ಬೇಕೆಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆಯೇ?

ಮೊನ್ನೆ ಆ ದಂಪತಿಗಳು ಮಗಳನ್ನೂ ಕರೆದುಕೊಂಡು ಬಂದಿದ್ದರು. ವಿಮಾನದ ಟಿಕೆಟ್ಟು ಆಗಿದೆ. ತಾಯಿಯವರು ಒಂದು ಚೀಲದ ತುಂಬ ತೋಟದ ಎಳನೀರು ತಂದಿದ್ದರು. ಮೂರು ತಿಂಗಳು ತೋಟಕ್ಕೆ ನೀರು ಬಿಡಿಸುವ ಹೊಣೆಯನ್ನು ಮಗಳು ಹೊತ್ತಿದ್ದಾಳೆ. ಮಡಿಸಿದ ಆ ಕಾಗದ ಏನಾಯಿತೆಂದು ಯಜಮಾನರನ್ನು ಕೇಳಿದೆವು. ಅದರ ಬೆನ್ನಿಗೆ, ಯಾವ ಸಾಲಿನ ಮರಗಳಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕೆಂದು ಮಗಳಿಗೆ ಬರೆದುಕೊಟ್ಟೆನೆಂದು ನಕ್ಕರು.